ಸೊನ್ನೆ ಹೊಡೆದ ದಿನವೂ ಅವಳು ನಿಮ್ಮ ಮಗಳೇ

‘ಮಗಳು ಕ್ರಿಕೆಟ್ ಕೋಚಿಂಗ್‌ಗೆ ಸೇರ್ತೀನಿ ಅಂತ ಹಟ ಹಿಡಿದು ಕೂತಿದ್ದಾಳೆ ಕಣ್ರೀ, ಸೇರಿಸೋದಾ ಬೇಡ್ವಾ?’

ಭರತನಾಟ್ಯ, ಕೀಬೋರ್ಡ್, ಅಬಾಕಸ್ ಅಂತ ವಿಚಾರಿಸುತ್ತಿದ್ದ ಅಮ್ಮಂದಿರ ಬಾಯಲ್ಲಿ ಈಗ ಈ ಹೊಸ ಪ್ರಶ್ನೆ. 2025ರ ನವೆಂಬರ್ 2ರ ರಾತ್ರಿ ನವಿ ಮುಂಬೈನಲ್ಲಿ ನಮ್ಮ ಹೆಣ್ಣುಮಕ್ಕಳು ಮೊದಲ ಬಾರಿಗೆ ವಿಶ್ವಕಪ್ ಎತ್ತಿ ಹಿಡಿದ ಮೇಲಂತೂ ಈ ಪ್ರಶ್ನೆಗೆ ಇನ್ನಷ್ಟು ಬಲ ಬಂದಿದೆ. ಸೀರಿಯಲ್ ಬಿಟ್ಟು ಬೇರೆ ಚಾನೆಲ್ ಹಾಕಲು ಬಿಡದ ಅತ್ತೆಯಂದಿರೂ ಅವತ್ತು ಟೀವಿ ಮುಂದೆ ಕೂತು ಚಪ್ಪಾಳೆ ತಟ್ಟಿದ್ದುಂಟು!

ಗೆದ್ದ ಎತ್ತಿನ ಬಾಲ ಹಿಡಿಯೋದು ನಮಗೆಲ್ಲ ಗೊತ್ತಿರುವ ವಿದ್ಯೆಯೇ. ಕಪ್ ಗೆದ್ದ ಹುಡುಗಿಯನ್ನು ‘ನಮ್ಮನೆ ಮಗಳು’ ಅನ್ನೋದು ಸುಲಭ. ಆದರೆ ಅದೇ ಹುಡುಗಿಯನ್ನು ತಂಡದಿಂದ ಕೈಬಿಟ್ಟ ದಿನ? ನಾಲ್ಕು ಬಾಲ್ ಆಡಿ ಸೊನ್ನೆಗೆ ಔಟಾಗಿ ಬಂದ ದಿನ? ಆ ದಿನ ಮನೆಯಲ್ಲಿ ಅವಳಿಗೆ ಏನು ಕಾದಿರುತ್ತದೆ? ಮಗಳನ್ನು ಆಟಕ್ಕೆ ಕಳಿಸಬೇಕೋ ಬೇಡವೋ ಎನ್ನುವುದಕ್ಕಿಂತ ದೊಡ್ಡ ಪ್ರಶ್ನೆ ಇದು ಎಂದು ನನ್ನ ಅನಿಸಿಕೆ. ಇದನ್ನು ಹೇಳಲು ಅಂದು ಪಂದ್ಯಶ್ರೇಷ್ಠ ಪ್ರಶಸ್ತಿ ಪಡೆದ ಶಫಾಲಿ ವರ್ಮಾಳ ಕಥೆಗಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ಕೂದಲು ಕತ್ತರಿಸಿದ ಅಪ್ಪ

ಶಫಾಲಿ ಹುಟ್ಟಿದ್ದು 2004ರ ಜನವರಿ 28ರಂದು, ಹರಿಯಾಣದ ರೋಹ್ಟಕ್‌ನಲ್ಲಿ. ಅಪ್ಪ ಸಂಜೀವ್ ವರ್ಮಾ ಸಣ್ಣ ಆಭರಣ ವ್ಯಾಪಾರಿ. ಅವರಿಗೂ ಕ್ರಿಕೆಟ್ ಹುಚ್ಚು. 2013ರಲ್ಲಿ ಸಚಿನ್ ತೆಂಡೂಲ್ಕರ್ ತಮ್ಮ ಕೊನೆಯ ರಣಜಿ ಪಂದ್ಯ ಆಡಲು ರೋಹ್ಟಕ್ ಪಕ್ಕದ ಲಾಹ್ಲಿಗೆ ಬಂದಾಗ, ಒಂಬತ್ತು ವರ್ಷದ ಈ ಪೋರಿಯೂ ಅಪ್ಪನ ಜೊತೆ ಹೋಗಿ ನೋಡಿ ಬಂದಳು. ಅಲ್ಲಿಂದ ಶುರುವಾಯಿತು ನೋಡಿ ಬ್ಯಾಟಿನ ಗೀಳು.

ಆದರೆ ಸೇರಿಸಿಕೊಳ್ಳುವವರು ಯಾರು? ‘ಹುಡುಗೀರಿಗೆ ಇಲ್ಲಿ ಜಾಗ ಇಲ್ಲ’ ಅಂತ ಊರಿನ ಅಕಾಡೆಮಿಗಳು ಬಾಗಿಲು ಮುಚ್ಚಿದವು. ಅಪ್ಪ ಏನು ಮಾಡಿದರು ಗೊತ್ತೇ? ಮಗಳ ಕೂದಲನ್ನು ಹುಡುಗರ ಹಾಗೆ ಗಿಡ್ಡಗೆ ಕತ್ತರಿಸಿ, ಹುಡುಗ ಅಂತಲೇ ಆಟಕ್ಕೆ ಸೇರಿಸಿದರು. ಪಾಣಿಪತ್‌ನ ಒಂದು ಟೂರ್ನಿಗೆ ಹೋಗಬೇಕಿದ್ದ ಅಣ್ಣನಿಗೆ ಹುಷಾರು ತಪ್ಪಿದಾಗ ಅವನ ಬದಲಿಗೆ ಇವಳೇ ಆಡಿ ಬಹುಮಾನ ಹೊತ್ತುಕೊಂಡು ಬಂದಳು. ಎದುರು ತಂಡದವರಿಗೆ ಅದು ಹುಡುಗಿ ಅಂತ ಗೊತ್ತೇ ಆಗಲಿಲ್ಲ.

ಓದಲಿಕ್ಕೆ ಮಜಾ ಅನ್ನಿಸುತ್ತೆ ಅಲ್ವಾ? ಸಿನಿಮಾ ಕಥೆಯ ಹಾಗೆ. ಆದರೆ ಸ್ವಲ್ಪ ನಿಧಾನವಾಗಿ ಯೋಚಿಸಿ. ಹೆಣ್ಣುಮಗು ತಾನು ಹೆಣ್ಣಲ್ಲ ಅಂತ ನಟಿಸಿದರೆ ಮಾತ್ರ ಬ್ಯಾಟ್ ಹಿಡಿಯಬಹುದು ಅನ್ನುವುದು ಹೆಮ್ಮೆಯ ವಿಷಯವೇನಲ್ಲ. ನಮ್ಮ ಪುಣ್ಯ, ಇವತ್ತು ಬೆಂಗಳೂರಿನಂಥ ಊರಿನಲ್ಲಿ ಯಾವ ತಾಯಿಯೂ ಮಗಳ ಜಡೆ ಕತ್ತರಿಸಿ ಕಳಿಸಬೇಕಿಲ್ಲ. ಜಡೆ ಕಟ್ಟಿ, ಅದರ ಮೇಲೆ ಹೆಲ್ಮೆಟ್ ಹಾಕಿಯೇ ಕಳಿಸಬಹುದು. ‘ಬಿಸಿಲಲ್ಲಿ ಕಪ್ಪಾಗ್ತಾಳೆ, ನಾಳೆ ಗಂಡು ಸಿಗಬೇಡ್ವಾ?’ ಅನ್ನುವ ಪಕ್ಕದ ಮನೆಯ ಆಂಟಿಯನ್ನು ಮಾತ್ರ ಎದುರಿಸಬೇಕು, ಅಷ್ಟೆ!

ಹದಿನೈದಕ್ಕೆ ತಾರೆ, ಹದಿನಾರಕ್ಕೆ ಕಣ್ಣೀರು

2019ರ ಸೆಪ್ಟೆಂಬರ್ 24. ಸೂರತ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಟಿ20 ಪಂದ್ಯ. ಹದಿನೈದು ವರ್ಷದ ಶಫಾಲಿ ಭಾರತದ ಅಂಗಿ ತೊಟ್ಟು ಮೊದಲ ಬಾರಿಗೆ ಕ್ರೀಸಿಗೆ ಬಂದಳು. ಫಲಿತಾಂಶ? ಸೊನ್ನೆ. ನಮ್ಮ ಮಕ್ಕಳು ಆ ವಯಸ್ಸಿನಲ್ಲಿ ಗಣಿತದ ಯೂನಿಟ್ ಟೆಸ್ಟ್‌ನಲ್ಲಿ ಎರಡು ಮಾರ್ಕ್ಸ್ ಕಡಿಮೆ ಬಂದರೆ ಮನೆಯಲ್ಲಿ ಏನೆಲ್ಲ ರಾಮಾಯಣ ಆಗುತ್ತದೆ ನೆನಪಿಸಿಕೊಳ್ಳಿ. ಇವಳ ಸೊನ್ನೆಯನ್ನು ದೇಶವೇ ನೋಡಿತ್ತು.

ಎರಡೇ ತಿಂಗಳೊಳಗೆ, ನವೆಂಬರ್‌ನಲ್ಲಿ, ವೆಸ್ಟ್ ಇಂಡೀಸ್‌ನ ಸೇಂಟ್ ಲೂಸಿಯಾದಲ್ಲಿ 49 ಬಾಲ್‌ಗೆ 73 ರನ್. ಅಂತರರಾಷ್ಟ್ರೀಯ ಪಂದ್ಯದಲ್ಲಿ ಅರ್ಧಶತಕ ಹೊಡೆದ ಅತಿ ಕಿರಿಯ ಭಾರತೀಯ ಅನ್ನುವ ದಾಖಲೆ ಅದು. ಮುರಿದದ್ದು ಯಾರ ದಾಖಲೆ? ಆರು ವರ್ಷದ ಹಿಂದೆ ಲಾಹ್ಲಿಯಲ್ಲಿ ನೋಡಿ ಬಂದಿದ್ದ ಅದೇ ಸಚಿನ್‌ರದು!

2020ರ ಟಿ20 ವಿಶ್ವಕಪ್ ಹೊತ್ತಿಗೆ ಅವಳು ವಿಶ್ವದ ನಂಬರ್ ಒನ್ ಟಿ20 ಬ್ಯಾಟರ್. ಎಲ್ಲರ ಬಾಯಲ್ಲೂ ಅವಳದೇ ಹೆಸರು. ಮಾರ್ಚ್ 8, ಮಹಿಳಾ ದಿನ, ಮೆಲ್ಬರ್ನ್‌ನಲ್ಲಿ ಫೈನಲ್. ನೋಡಲು ಬಂದವರು 86,174 ಮಂದಿ. ಮೊದಲ ಓವರ್‌ನಲ್ಲೇ ಆಸ್ಟ್ರೇಲಿಯಾದ ಅಲಿಸಾ ಹೀಲಿ ಕೊಟ್ಟ ಕ್ಯಾಚು ಶಫಾಲಿಯ ಕೈಯಿಂದ ಜಾರಿತು. ಹೀಲಿ 39 ಬಾಲ್‌ಗೆ 75 ಹೊಡೆದರು. ಬ್ಯಾಟಿಂಗ್‌ಗೆ ಇಳಿದ ಶಫಾಲಿ ಎರಡೇ ರನ್‌ಗೆ ಔಟ್. ಭಾರತಕ್ಕೆ 85 ರನ್ ಸೋಲು. ಆ ನಂಬರ್ ಒನ್ ಪಟ್ಟವೂ ಹೋಯಿತು. ಅವಳಿಗಾಗ ಹದಿನಾರು ವರ್ಷ ತುಂಬಿ ಇನ್ನೂ ಒಂದೂವರೆ ತಿಂಗಳಾಗಿರಲಿಲ್ಲ. ಎಸ್ಸೆಸ್ಸೆಲ್ಸಿ ವಯಸ್ಸಿನ ಕೂಸು ಕಣ್ರೀ!

ಆಮೇಲೂ ಇದೇ ಏರಿಳಿತ. 2021ರಲ್ಲಿ ಇಂಗ್ಲೆಂಡ್‌ನ ಬ್ರಿಸ್ಟಲ್‌ನಲ್ಲಿ ಆಡಿದ ಮೊದಲ ಟೆಸ್ಟ್‌ನಲ್ಲೇ 96 ಮತ್ತು 63. 2023ರ ಜನವರಿಯಲ್ಲಿ, ಹತ್ತೊಂಬತ್ತು ತುಂಬಿದ ಮರುದಿನವೇ, 19 ವರ್ಷದೊಳಗಿನವರ ಮೊಟ್ಟಮೊದಲ ಟಿ20 ವಿಶ್ವಕಪ್ಪನ್ನು ನಾಯಕಿಯಾಗಿ ಗೆದ್ದಳು. ಮರುತಿಂಗಳು ಮಹಿಳಾ ಪ್ರೀಮಿಯರ್ ಲೀಗ್‌ನ ಹರಾಜಿನಲ್ಲಿ ಡೆಲ್ಲಿ ಕ್ಯಾಪಿಟಲ್ಸ್ ಅವಳನ್ನು 2 ಕೋಟಿ ರೂಪಾಯಿಗೆ ಕೊಂಡಿತು. ಇದರ ನಡುವೆಯೇ ಓದನ್ನೂ ಬಿಡಲಿಲ್ಲ. ಅದೇ ವರ್ಷ ಹನ್ನೆರಡನೇ ತರಗತಿಯನ್ನು ಶೇ 80ಕ್ಕೂ ಹೆಚ್ಚು ಅಂಕ ಪಡೆದು ಪಾಸು ಮಾಡಿದಳು. 2024ರ ಜೂನ್‌ನಲ್ಲಿ ಚೆನ್ನೈ ಟೆಸ್ಟ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ 205 ರನ್. ದ್ವಿಶತಕ ಬಂದದ್ದು 194 ಬಾಲ್‌ಗಳಲ್ಲಿ, ಮಹಿಳಾ ಟೆಸ್ಟ್‌ನಲ್ಲೇ ಅತಿ ವೇಗದ್ದು.

ಇಷ್ಟೆಲ್ಲ ಆದ ಮೇಲೆ ಇನ್ನೇನು ಚಿಂತೆ ಅಂತೀರಾ? ಐದು ತಿಂಗಳೂ ಕಳೆದಿರಲಿಲ್ಲ. 2024ರ ನವೆಂಬರ್‌ನಲ್ಲಿ ಅವಳನ್ನು ಏಕದಿನ ತಂಡದಿಂದ ಕೈಬಿಟ್ಟರು.

ಅಪ್ಪನಿಗೆ ಹೇಳದ ಸುದ್ದಿ

ಇಲ್ಲಿಯೇ ನನ್ನ ಮನಸ್ಸು ಕಲಕಿದ ಸಂಗತಿ ಇರೋದು. ತಂಡದ ಪಟ್ಟಿ ಹೊರಬೀಳುವ ಎರಡು ದಿನದ ಹಿಂದಷ್ಟೇ ಶಫಾಲಿಯ ಅಪ್ಪನಿಗೆ ಹೃದಯಾಘಾತವಾಗಿತ್ತು. ಕೂದಲು ಕತ್ತರಿಸಿ ಆಟಕ್ಕೆ ಸೇರಿಸಿದ ಅದೇ ಅಪ್ಪ ಆಸ್ಪತ್ರೆಯಲ್ಲಿ ಮಲಗಿದ್ದರು. ‘ನನ್ನನ್ನು ತೆಗೆದುಬಿಟ್ಟರು’ ಅಂತ ಅವರಿಗೆ ಹೇಗೆ ಹೇಳುವುದು? ಅವರು ಸ್ವಲ್ಪ ಸುಧಾರಿಸಿಕೊಳ್ಳುವ ತನಕ ಸುಮಾರು ಒಂದು ವಾರ ಸುದ್ದಿಯನ್ನು ಮುಚ್ಚಿಟ್ಟಿದ್ದಾಗಿ ಅವಳೇ ಆಮೇಲೆ ಸಂದರ್ಶನದಲ್ಲಿ ಹೇಳಿಕೊಂಡಿದ್ದಾಳೆ.

ಇಪ್ಪತ್ತು ವರ್ಷದ ಹುಡುಗಿ. ಒಂದು ಕಡೆ ಅಪ್ಪನ ಜೀವದ ಭಯ, ಇನ್ನೊಂದು ಕಡೆ ಕೈಜಾರಿದ ಜಾಗ. ಎರಡನ್ನೂ ಒಳಗೇ ನುಂಗಿಕೊಂಡು ನಗುಮುಖ ಮಾಡಬೇಕು. ಶಫಾಲಿ ಮುಚ್ಚಿಟ್ಟದ್ದು ಅಪ್ಪನ ಮೇಲಿನ ಪ್ರೀತಿಗೆ. ಆದರೆ ನಮ್ಮ ಸುತ್ತಮುತ್ತ ಎಷ್ಟು ಮಕ್ಕಳು ಭಯಕ್ಕೆ ಮುಚ್ಚಿಡುತ್ತಾರೆ ಹೇಳಿ? ಪ್ರೋಗ್ರೆಸ್ ಕಾರ್ಡನ್ನು ಬ್ಯಾಗಿನ ತಳಕ್ಕೆ ತುರುಕುವುದು, ಸೆಲೆಕ್ಷನ್ ಆಗಲಿಲ್ಲ ಅನ್ನೋದನ್ನು ಹೇಳದೆ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅಳುವುದು... ಇದೆಲ್ಲ ನಮಗೆ ಗೊತ್ತಿಲ್ಲದ್ದೇನಲ್ಲ. ‘ಇಷ್ಟು ಖರ್ಚು ಮಾಡಿದೀವಿ, ನಿನಗೋಸ್ಕರ ನಿಮ್ಮಪ್ಪ ಬೆಳಿಗ್ಗೆ ಐದಕ್ಕೆ ಎದ್ದು ಡ್ರಾಪ್ ಮಾಡ್ತಾರೆ’ ಅಂತ ದಿನಾ ಕೇಳಿದ ಮಗು ಸೋಲಿನ ಸುದ್ದಿಯನ್ನು ಯಾವ ಬಾಯಲ್ಲಿ ಹೇಳೀತು?

ಶಫಾಲಿಯ ಮನೆಯಲ್ಲಿ ಮುಂದೇನಾಯಿತು ನೋಡಿ. ಅಪ್ಪ ಚೇತರಿಸಿಕೊಂಡರು, ವಿಷಯ ತಿಳಿಯಿತು. ‘ಅಯ್ಯೋ, ಎಲ್ಲ ಮುಗೀತು’ ಅಂತ ತಲೆ ಮೇಲೆ ಕೈ ಹೊತ್ತು ಕೂರಲಿಲ್ಲ. ಚಿಕ್ಕವಳಿದ್ದಾಗ ಮಾಡಿಸುತ್ತಿದ್ದ ಅಭ್ಯಾಸಗಳನ್ನೇ ಮತ್ತೆ ಶುರುಮಾಡಿಸಿದರು. ಅದೇ ಡಿಸೆಂಬರ್‌ನಲ್ಲಿ ರಾಜ್‌ಕೋಟ್‌ನಲ್ಲಿ ಬಂಗಾಳದ ವಿರುದ್ಧ ಹರಿಯಾಣದ ಪರ 115 ಬಾಲ್‌ಗೆ 197 ರನ್ ಚಚ್ಚಿದಳು. ಆ ಪಂದ್ಯವನ್ನೂ ಅವಳ ತಂಡ ಗೆಲ್ಲಲಿಲ್ಲ! ಹರಿಯಾಣದ 389 ರನ್‌ಗಳನ್ನು ಬಂಗಾಳ ಬೆನ್ನಟ್ಟಿ ದಾಟಿತು. ಒಬ್ಬಳು ಎಷ್ಟೇ ಚೆನ್ನಾಗಿ ಆಡಿದರೂ ಫಲ ಅವಳ ಕೈಯಲ್ಲಿ ಇರೋದಿಲ್ಲ ಅನ್ನೋದಕ್ಕೆ ಇದಕ್ಕಿಂತ ಪಾಠ ಬೇಕೇ?

2025ರ ವಿಶ್ವಕಪ್‌ಗೆ ಆರಿಸಿದ ಹದಿನೈದು ಮಂದಿಯಲ್ಲೂ ಅವಳ ಹೆಸರಿರಲಿಲ್ಲ. ಎಲ್ಲರೂ ವಿಶ್ವಕಪ್ ಆಡುತ್ತಿದ್ದಾಗ ಅವಳು ದೇಶದೊಳಗಿನ ಟಿ20 ಟೂರ್ನಿಗಾಗಿ ಸೂರತ್‌ನಲ್ಲಿದ್ದಳು, ಆರು ವರ್ಷದ ಹಿಂದೆ ಸೊನ್ನೆ ಹೊಡೆದ ಅದೇ ಊರಿನಲ್ಲಿ. ಅಕ್ಟೋಬರ್ 26ರಂದು ಆರಂಭಿಕ ಆಟಗಾರ್ತಿ ಪ್ರತಿಕಾ ರಾವಲ್ ಕಾಲಿಗೆ ಪೆಟ್ಟಾಯಿತು. ಶಫಾಲಿಗೆ ಕರೆ ಬಂತು. ಸೆಮಿಫೈನಲ್‌ನಲ್ಲಿ ಹತ್ತೇ ರನ್. ಫೈನಲ್‌ನಲ್ಲಿ 78 ಬಾಲ್‌ಗೆ 87 ರನ್, ಸಾಲದ್ದಕ್ಕೆ ನಾಯಕಿ ಹರ್ಮನ್‌ಪ್ರೀತ್ ಕೌರ್ ನಂಬಿ ಚೆಂಡು ಕೊಟ್ಟಾಗ ಎರಡು ವಿಕೆಟ್. ದಕ್ಷಿಣ ಆಫ್ರಿಕಾ ವಿರುದ್ಧ 52 ರನ್ ಗೆಲುವು.

ವೀಲ್‌ಚೇರ್‌ನಲ್ಲಿದ್ದ ಇನ್ನೊಬ್ಬ ಮಗಳು

ಆದರೆ ಅವತ್ತು ವೇದಿಕೆಯ ಮೇಲೆ ವೀಲ್‌ಚೇರ್‌ನಲ್ಲಿ ಕೂತು ನಗುತ್ತಿದ್ದ ಪ್ರತಿಕಾಳನ್ನು ಗಮನಿಸಿದಿರಾ? ಟೂರ್ನಿಯಲ್ಲಿ ಮುನ್ನೂರಕ್ಕೂ ಹೆಚ್ಚು ರನ್ ಹೊಡೆದು ತಂಡವನ್ನು ಸೆಮಿಫೈನಲ್ ತನಕ ತಂದವರಲ್ಲಿ ಅವಳೂ ಒಬ್ಬಳು. ಒಂದು ಬಾಲ್ ತಡೆಯಲು ಓಡಿದ್ದಕ್ಕೆ ಜೀವಮಾನದ ಪಂದ್ಯ ತಪ್ಪಿಹೋಯಿತು. ಒಬ್ಬ ತಾಯಿಯ ಮಗಳಿಗೆ ಸಿಕ್ಕ ಅವಕಾಶ ಇನ್ನೊಬ್ಬ ತಾಯಿಯ ಮಗಳ ಕೈತಪ್ಪಿದ್ದು. ಆಟ ಅಂದರೆ ಇದೇ. ಸೈಕಾಲಜಿ ಓದಿದ ಹುಡುಗಿ ಪ್ರತಿಕಾ, ಗಾಲಿಕುರ್ಚಿಯಲ್ಲೇ ಸಂಭ್ರಮಿಸಿದಳು.

ನಮ್ಮ ಬೆಂಗಳೂರಿನ ಶ್ರೇಯಾಂಕಾ ಪಾಟೀಲ್‌ಳನ್ನೇ ನೋಡಿ. 2023ರಲ್ಲಿ ಆರ್‌ಸಿಬಿ 10 ಲಕ್ಷ ಕೊಟ್ಟು ಕೊಂಡ ಹುಡುಗಿ. 2024ರ ಲೀಗ್‌ನಲ್ಲಿ 13 ವಿಕೆಟ್ ತೆಗೆದು, ಫೈನಲ್‌ನಲ್ಲಿ ಬರೀ 12 ರನ್‌ಗೆ 4 ವಿಕೆಟ್ ಕಿತ್ತು ಕಪ್ ಗೆಲ್ಲಿಸಿಕೊಟ್ಟಳು. ಊರಿಗೆ ಊರೇ ಕುಣಿಯಿತು. ಅದೇ ವರ್ಷದ ಜುಲೈನಲ್ಲಿ ಏಷ್ಯಾ ಕಪ್‌ನಲ್ಲಿ ಬೆರಳು ಮುರಿಯಿತು. ಮುಂದೆಯೂ ಗಾಯಗಳು ಬೆನ್ನು ಬಿಡದೆ 2025ರ ಲೀಗ್ ಪೂರ್ತಿ ಹೊರಗೆ ಕೂರಬೇಕಾಯಿತು. ಹೊರಗೆ ಕೂತ ಆ ತಿಂಗಳುಗಳಲ್ಲಿ ಪೇಪರ್‌ನಲ್ಲಿ ಫೋಟೋ ಬರೋದಿಲ್ಲ, ಅಭಿನಂದನೆಯ ಫೋನೂ ಬರೋದಿಲ್ಲ. ಮನೆಯವರಷ್ಟೇ ಇರುತ್ತಾರೆ.

ಲೆಕ್ಕವನ್ನೂ ಸ್ವಲ್ಪ ಹಾಕಿ

‘ಕ್ರಿಕೆಟ್‌ನಲ್ಲಿ ಈಗ ಹೆಣ್ಣುಮಕ್ಕಳಿಗೂ ಕೋಟಿ ಸಿಗುತ್ತಂತೆ’ ಅನ್ನುವ ಮಾತು ಪಾರ್ಕಿನ ಬೆಂಚಿನ ಮೇಲೆ ಕೇಳಿಬರುತ್ತದೆ. ಸುಳ್ಳಲ್ಲ. 2022ರ ಅಕ್ಟೋಬರ್‌ನಲ್ಲಿ ಭಾರತೀಯ ಕ್ರಿಕೆಟ್ ಮಂಡಳಿ ಪುರುಷರಿಗೆ ಕೊಡುವಷ್ಟೇ ಪಂದ್ಯ ಶುಲ್ಕವನ್ನು ಮಹಿಳೆಯರಿಗೂ ಘೋಷಿಸಿತು: ಟೆಸ್ಟ್‌ಗೆ 15 ಲಕ್ಷ, ಏಕದಿನಕ್ಕೆ 6 ಲಕ್ಷ, ಟಿ20ಗೆ 3 ಲಕ್ಷ. ರಾಜ್ಯ ಮಟ್ಟದ ಹಿರಿಯರ ತಂಡದಲ್ಲಿ ಆಡುವವರಿಗೆ ದಿನಕ್ಕೆ 20 ಸಾವಿರ ಇದ್ದದ್ದು 2025ರ ಡಿಸೆಂಬರ್‌ನಲ್ಲಿ 50 ಸಾವಿರಕ್ಕೆ ಏರಿತು. 2006ಕ್ಕೆ ಮೊದಲು, ಮಹಿಳಾ ಕ್ರಿಕೆಟ್ ಈ ಮಂಡಳಿಯ ಕೆಳಗೆ ಬರುವ ಮುನ್ನ ಆಡಿದ ಹಿರಿಯಕ್ಕಂದಿರಿಗೆ ಇದು ಕನಸಿನಲ್ಲೂ ಇರಲಿಲ್ಲ.

ಆದರೆ ಜಾಗ ಎಷ್ಟಿದೆ ಗೊತ್ತಾ? ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ ಐದು ತಂಡ. ಒಂದೊಂದರಲ್ಲಿ ಹೆಚ್ಚೆಂದರೆ 18 ಜನ, ಅದರಲ್ಲಿ ಆರು ವಿದೇಶಿಯರಿಗೆ ಅವಕಾಶ. ಅಂದರೆ ಇಡೀ ದೇಶದ ಹುಡುಗಿಯರಿಗೆ ಉಳಿಯೋದು ಅರವತ್ತರ ಆಸುಪಾಸು ಸೀಟು. ಎಂಜಿನಿಯರಿಂಗ್ ಸೀಟಿಗೆ ಇದಕ್ಕಿಂತ ಸಾವಿರ ಪಟ್ಟು ಸುಲಭ! ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನೋ ಹಾಗೆ ಎಲ್ಲರಿಗೂ ತಮ್ಮ ಮಗಳೇ ಮುಂದಿನ ಸ್ಮೃತಿ ಮಂಧಾನ ಅನ್ನಿಸೋದು ಸಹಜ. ಹಾಗಂತ ಕೋಟಿಯ ಆಸೆಗೆ ಸೇರಿಸಿದರೆ ಬಹುಪಾಲು ಮನೆಗಳಿಗೆ ನಿರಾಸೆ ಖಂಡಿತ. ಮಗಳಿಗೆ ಆಟ ಇಷ್ಟ ಅಂತ ಸೇರಿಸಿದರೆ ಯಾವ ಮನೆಗೂ ನಷ್ಟವಿಲ್ಲ. ಗಟ್ಟಿ ಮೈ, ನಾಲ್ಕು ಗೆಳತಿಯರು, ಸೋತರೂ ಎದುರಾಳಿಗೆ ಕೈ ಕುಲುಕಿ ಬರುವ ಗುಣ... ಇವು ಆಯ್ಕೆ ಸಮಿತಿಯ ಕೈಯಲ್ಲಿ ಇಲ್ಲ ತಾನೇ?

ಅಮ್ಮಂದಿರಿಗೆ ಒಂದಿಷ್ಟು ಕಿವಿಮಾತು

* ಸೇರಿಸುವ ಮುನ್ನ ಅಕಾಡೆಮಿಗೆ ನೀವೇ ಹೋಗಿ ನೋಡಿ. ಹುಡುಗಿಯರಿಗೆ ಬಟ್ಟೆ ಬದಲಿಸಲು ಜಾಗ ಇದೆಯಾ, ಶೌಚಾಲಯ ಚೊಕ್ಕಟವಾಗಿದೆಯಾ, ಮಹಿಳಾ ಕೋಚ್ ಅಥವಾ ಸಹಾಯಕಿ ಇದ್ದಾರಾ? ಶೌಚಾಲಯ ಸರಿಯಿಲ್ಲ ಅಂತ ಬಿಸಿಲಲ್ಲಿ ನೀರೇ ಕುಡಿಯದೆ ಆಡುವ ಹುಡುಗಿಯರಿದ್ದಾರೆ. ಇದನ್ನು ಕೇಳೋಕೆ ಸಂಕೋಚ ಬೇಡ.

* ಮುಟ್ಟಿನ ದಿನಗಳ ಬಗ್ಗೆ ಮಗಳ ಜೊತೆ ಮುಚ್ಚುಮರೆಯಿಲ್ಲದೆ ಮಾತಾಡಿ. ಆಡಬಹುದಾದರೆ ಆಡಲಿ, ಸುಸ್ತಾದರೆ ವಿಶ್ರಾಂತಿ ಕೇಳಲಿ. ತುಂಬ ಆಯಾಸ, ತಲೆಸುತ್ತು ಇದ್ದರೆ ಡಾಕ್ಟರ್ ಹತ್ತಿರ ರಕ್ತಹೀನತೆ ಪರೀಕ್ಷೆ ಮಾಡಿಸಿ. ಡಬ್ಬಿಗೆ ಮೊಳಕೆಕಾಳು, ರಾಗಿ, ಸೊಪ್ಪು, ಮೊಟ್ಟೆ ತಿನ್ನುವವರಾದರೆ ಮೊಟ್ಟೆ ತಪ್ಪದೇ ಇರಲಿ.

* ವಯಸ್ಸಿನ ವಿಷಯದಲ್ಲಿ ಆಟ ಆಡಬೇಡಿ. 15, 19, 23 ವರ್ಷದೊಳಗಿನವರು, ಆಮೇಲೆ ಹಿರಿಯರ ತಂಡ, ಹೀಗೆ ಮೆಟ್ಟಿಲುಗಳಿವೆ. 15ರೊಳಗಿನ ವಿಭಾಗದಲ್ಲಿ ಮೂಳೆಯ ಎಕ್ಸ್‌ರೇ ತೆಗೆದು ವಯಸ್ಸು ಪರೀಕ್ಷಿಸುತ್ತಾರೆ. ‘ಒಂದು ವರ್ಷ ಕಡಿಮೆ ಬರೆಸಿ’ ಅನ್ನುವವರ ಮಾತು ಕೇಳಿದರೆ ಮಗಳ ಭವಿಷ್ಯಕ್ಕೇ ಕುತ್ತು.

* ಓದು ನಿಲ್ಲಿಸಬೇಡಿ. ದೇಶದ ಪರ ಆಡುತ್ತಲೇ ಶಫಾಲಿ ಹನ್ನೆರಡನೇ ತರಗತಿ ಮುಗಿಸಿದ್ದಾಳೆ. ಒಂದು ಬೆರಳು ಮುರಿದರೆ ಒಂದು ವರ್ಷ ಹೋಗುವ ಆಟ ಇದು. ಕೈಯಲ್ಲಿ ಒಂದು ಡಿಗ್ರಿ ಇದ್ದರೆ ಅವಳಿಗೂ ಧೈರ್ಯ, ನಿಮಗೂ ನಿದ್ದೆ.

* ಖರ್ಚಿನ ಲೆಕ್ಕವನ್ನು ಗಂಡ-ಹೆಂಡತಿ ಕೂತು ಹಾಕಿ. ಮಗಳ ಮುಂದೆ ಪದೇ ಪದೇ ಎತ್ತಿ ಆಡಬೇಡಿ. ಸಾಲ ಮಾಡಿ ದುಬಾರಿ ಬ್ಯಾಟು ಕೊಡಿಸುವ ಅಗತ್ಯ ಖಂಡಿತ ಇಲ್ಲ.

* ಅಣ್ಣನಿಗೊಂದು ನ್ಯಾಯ, ತಂಗಿಗೊಂದು ನ್ಯಾಯ ಬೇಡ. ಪ್ರಾಕ್ಟೀಸ್‌ನಿಂದ ಬಂದ ಮಗ ಸೋಫಾದಲ್ಲಿ ಕಾಲು ಚಾಚುತ್ತಾನೆ, ಮಗಳು ಮಾತ್ರ ನೇರ ಅಡುಗೆಮನೆಗೆ ಬಂದು ತಟ್ಟೆ ಇಡಬೇಕು ಅಂದರೆ ಹೇಗೆ? ಇಬ್ಬರೂ ಇಡಲಿ.

ಎಲ್ಲಕ್ಕಿಂತ ಮುಖ್ಯವಾದ ಮಾತು ಒಂದೇ. ಮ್ಯಾಚ್ ಮುಗಿಸಿ ಬಂದವಳಿಗೆ ಬಾಗಿಲಲ್ಲೇ ‘ಎಷ್ಟು ಹೊಡೆದೆ?’ ಅಂತ ಕೇಳೋದನ್ನು ಬಿಟ್ಟುಬಿಡಿ. ಪರೀಕ್ಷೆ ಬರೆದು ಬಂದವಳಿಗೆ ‘ಔಟ್ ಆಫ್ ಔಟಾ?’ ಅಂತ ಕೇಳೋದೂ ಅಷ್ಟೆ. ಮೊದಲು ಕೈಕಾಲು ತೊಳೆದು ಬರಲಿ, ಬಿಸಿ ಅನ್ನ-ಸಾರು ಬಡಿಸಿ, ಪಕ್ಕದಲ್ಲಿ ಕೂತ್ಕೊಳ್ಳಿ. ಹೊಡೆದಿದ್ದರೆ ಅವಳೇ ಕುಣಿದುಕೊಂಡು ಹೇಳುತ್ತಾಳೆ. ಸೊನ್ನೆಯಾಗಿದ್ದರೂ ಎರಡು ತುತ್ತು ಒಳಗೆ ಹೋದ ಮೇಲೆ ಮೆಲ್ಲಗೆ ಹೇಳುತ್ತಾಳೆ. ಆಗ ‘ಹೌದಾ? ಇನ್ನೊಂಚೂರು ಸಾರು ಹಾಕ್ಲಾ?’ ಅಂದರೆ ಸಾಕು. ಮುಂದಿನ ಸಲ ತಂಡದಿಂದ ಕೈಬಿಟ್ಟ ದಿನವೂ ಅವಳು ನೇರ ಮನೆಗೇ ಬರುತ್ತಾಳೆ, ಏನನ್ನೂ ಮುಚ್ಚಿಡದೆ.